ಹಿತ್ತಾಳೆ ತೋಟಾ: ಬಿರುಕು ಬಿಟ್ಟಿದ್ದೇಕೆ, ಇದ್ದದ್ದು ಯಾರ ಕೈಯಲ್ಲಿ?

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳೇ ಮನೆಗಳ ಅಟ್ಟ ಹತ್ತಿದರೆ ಹಿತ್ತಾಳೆ ಸಾಮಾನು ಸಿಕ್ಕೇ ಸಿಗುತ್ತದೆ. ಅಜ್ಜಿ ತವರಿಂದ ತಂದ ಬಿಂದಿಗೆ, ಹಿಡಿ ಕಳಚಿದ ಚೊಂಬು, ಎಣ್ಣೆ ಜಿಡ್ಡು ಹಿಡಿದ ದೀಪದ ಕಂಬ. ಕಾಡಂಚಿನ ಊರುಗಳಲ್ಲಿ ಇವುಗಳ ಜೊತೆ ಒಮ್ಮೊಮ್ಮೆ ಬೆರಳುದ್ದದ ಒಂದು ಖಾಲಿ ತೋಟಾ ಕೂಡ ಸಿಗುತ್ತದೆ. ಯಾವ ಕಾಲದ್ದು, ಯಾರ ಬಂದೂಕಿನದ್ದು ಎಂದು ಮನೆಯವರಿಗೇ ಗೊತ್ತಿರುವುದಿಲ್ಲ. ಮಕ್ಕಳು ಅದನ್ನು ತುಟಿಗಿಟ್ಟು ಪೀಪಿ ಊದುತ್ತವೆ.

ಬಿಂದಿಗೆಯೂ ತೋಟಾವೂ ಒಂದೇ ಲೋಹ. ಎರಡರ ಗುಣವೂ ಒಂದೇ, ಎರಡಕ್ಕೂ ಬರುವ ರೋಗವೂ ಒಂದೇ. ಆ ರೋಗಕ್ಕೆ ಮದ್ದು ಬೆಂಕಿ. ನಮ್ಮ ಕಂಚುಗಾರರಿಗೆ ತಲೆಮಾರುಗಳಿಂದ ಗೊತ್ತಿದ್ದ ಈ ಮದ್ದು ಒಂದು ಕಾಲಕ್ಕೆ ಬ್ರಿಟಿಷ್ ಸೈನ್ಯದ ಗುಂಡುಗಳಿಗೂ ಬೇಕಾಯಿತು. ಆದರೆ ಗುಂಡು ತುಂಬಿದ ಹಿತ್ತಾಳೆ ಮಾತ್ರ ನಮ್ಮ ರೈತನ ಕೈಗೆ ಸುಲಭವಾಗಿ ಬರಲಿಲ್ಲ. ಈ ಎರಡೂ ಕಥೆಗಳನ್ನು ಒಟ್ಟಿಗೆ ಹೇಳೋಣ ಎಂದುಕೊಂಡೆವು.

ಕಮ್ಮಾರನ ನೀರು, ಕಂಚುಗಾರನ ನೀರು

ಮೊದಲು ಲೋಹದ ಗುಣ ನೋಡೋಣ. ಹಿತ್ತಾಳೆ ಎಂದರೆ ತಾಮ್ರಕ್ಕೆ ಸತು ಬೆರೆಸಿದ್ದು. ಕಂಚು ಬೇರೆ, ಅದು ತಾಮ್ರಕ್ಕೆ ತವರ ಬೆರೆಸಿದ್ದು. ತೋಟಾಗೆ ಬಳಸುವ ಹಿತ್ತಾಳೆಯಲ್ಲಿ 100 ಭಾಗಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಎಳೆದರೆ ಹರಿಯದೆ ಉದ್ದವಾಗುವ, ಬಡಿದರೆ ಒಡೆಯದೆ ಅಗಲವಾಗುವ ಗುಣ ಈ ಪಾಕಕ್ಕೆ ಚೆನ್ನಾಗಿರುತ್ತದೆ.

ಆದರೆ ಎಷ್ಟು ಬಡಿದರೂ ಸುಮ್ಮನಿರುವ ಲೋಹ ಇದಲ್ಲ. ಒಂದು ಕಬ್ಬಿಣದ ತಂತಿಯನ್ನು ಒಂದೇ ಜಾಗದಲ್ಲಿ ನಾಲ್ಕೈದು ಸಲ ಹಿಂದಕ್ಕೆ ಮುಂದಕ್ಕೆ ಬಗ್ಗಿಸಿ ನೋಡಿ. ಮೊದಲು ಸಲೀಸಾಗಿ ಬಗ್ಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಕೊನೆಗೆ ಪಟ್ಟನೆ ಮುರಿಯುತ್ತದೆ. ಹಿತ್ತಾಳೆಯೂ ಹೀಗೇ. ಸುತ್ತಿಗೆಯ ಒಂದೊಂದು ಏಟಿಗೂ ಅದರೊಳಗಿನ ಸಣ್ಣ ಸಣ್ಣ ಹರಳುಗಳು ಜಜ್ಜಿಹೋಗಿ ಒಂದರ ಮೇಲೊಂದು ಬಿಗಿದುಕೊಳ್ಳುತ್ತವೆ. ಲೋಹ ಗಟ್ಟಿಯಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಅದೇ ಹದದಲ್ಲಿ ಇನ್ನೂ ಬಡಿದರೆ ಅಂಚು ಸೀಳುತ್ತದೆ.

ಹಾಗಾಗಿ ಪಾತ್ರೆ ಬಡಿಯುವವನು ನಡುನಡುವೆ ಕೆಲಸ ನಿಲ್ಲಿಸಿ ತಗಡನ್ನು ಕುಲುಮೆಗೆ ಹಾಕುತ್ತಾನೆ. ಮಬ್ಬುಗೆಂಪು ಬರುವವರೆಗೆ ಕಾಯಿಸಿ ತೆಗೆದರೆ ಲೋಹ ಮತ್ತೆ ಮೆತ್ತಗಾಗಿರುತ್ತದೆ. ಜಜ್ಜಿದ ಹರಳುಗಳ ಜಾಗದಲ್ಲಿ ಹೊಸ ಹರಳು ಹುಟ್ಟಿರುತ್ತವೆ. ಮತ್ತೆ ಬಡಿಯಬಹುದು, ಮತ್ತೆ ಬಿಗಿದರೆ ಮತ್ತೆ ಕಾಯಿಸಬೇಕು. ಒಂದು ಬಿಂದಿಗೆ ಅಡಿಗಲ್ಲಿನಿಂದ ಇಳಿಯುವ ಹೊತ್ತಿಗೆ ಹೀಗೆ ಎಷ್ಟೋ ಸಲ ಬೆಂಕಿ ಕಂಡಿರುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕಮ್ಮಾರ ಕುಡುಗೋಲಿನ ಬಾಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನಲ್ಲ, ಅದು ಉಕ್ಕಿನ ಬಾಯಿ ಗಟ್ಟಿಯಾಗಲಿ ಎಂದು. ಕಂಚುಗಾರನೂ ಕಾದ ಹಿತ್ತಾಳೆಯನ್ನು ನೀರಿಗೆ ಅದ್ದುತ್ತಾನೆ. ಆದರೆ ಹಿತ್ತಾಳೆ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಇಲ್ಲಿ ನೀರು ಬರೀ ಬೇಗ ಆರಿಸುವುದಕ್ಕೆ, ಮೇಲಿನ ಕಪ್ಪು ಬಿಡಿಸುವುದಕ್ಕೆ. ಎರಡು ಕುಲುಮೆ, ಎರಡು ತೊಟ್ಟಿ ನೀರು, ಫಲ ಮಾತ್ರ ತಿರುವುಮುರುವು. ಇದನ್ನು ಯಾರೂ ಪುಸ್ತಕ ಓದಿ ಕಲಿಯಲಿಲ್ಲ. ಅಪ್ಪ ಮಾಡುವುದನ್ನು ಮಗ ತಿದಿ ಒತ್ತುತ್ತಾ ನೋಡಿ ಕಲಿತ.

ಹೆಚ್ಚು ಕಾಯಿಸಿದರೂ ಕಷ್ಟ. ಸತು ಸುಮಾರು 907 ಡಿಗ್ರಿಗೆ ಕುದಿಯುವ ಲೋಹ. ಬೆಂಕಿ ಮಿತಿ ಮೀರಿದರೆ ಹಿತ್ತಾಳೆಯೊಳಗಿನ ಸತು ಬಿಳಿ ಹೊಗೆಯಾಗಿ ಹಾರಲು ಶುರುವಾಗುತ್ತದೆ, ಲೋಹ ಒರಟಾಗಿ ಕೆಟ್ಟುಹೋಗುತ್ತದೆ. ಆ ಹೊಗೆ ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿಜ್ವರ ಬರುತ್ತದೆ. ಎಷ್ಟು ಕೆಂಪಾದಾಗ ತೆಗೆಯಬೇಕು ಎನ್ನುವುದೇ ಈ ಕಸುಬಿನ ಗುಟ್ಟು. ನಮ್ಮ ನೆರೆಯ ಮಂಡ್ಯ ಜಿಲ್ಲೆಯ ನಾಗಮಂಗಲ ಲೋಹದ ವಿಗ್ರಹಗಳಿಗೆ ಇಂದಿಗೂ ಹೆಸರುವಾಸಿ. ಅಲ್ಲಿನ ಎರಕದ ಕೆಲಸವೂ ಕಣ್ಣಳತೆಯ ಬೆಂಕಿಯ ಮೇಲೇ ನಿಂತಿದೆ.

ತೋಟಾ ಬರುವ ಮೊದಲು

ಈಗ ಬಂದೂಕಿನ ಕಡೆಗೆ ಬರೋಣ. ನಮ್ಮ ಸೀಮೆಯ ಹಳೇ ಕೋವಿಗಳಿಗೆ ತೋಟಾ ಇರಲೇ ಇಲ್ಲ. ಮೊದಲು ನಳಿಗೆಯ ಬಾಯಿಂದ ಮದ್ದು ಸುರಿಯಬೇಕು. ಆಮೇಲೆ ನಾರೋ ಬಟ್ಟೆಯೋ ತುರುಕಿ, ಗುಂಡು ಅಥವಾ ಚರೆ ಹಾಕಿ, ಗಜದಿಂದ ಒತ್ತಬೇಕು. ಮೊದಮೊದಲು ಬತ್ತಿಯಿಂದ, ಆಮೇಲೆ ಚಕಮಕಿ ಕಲ್ಲಿನಿಂದ ಕಿಡಿ ಹೊತ್ತಿಸುತ್ತಿದ್ದರು. 19ನೇ ಶತಮಾನದಲ್ಲಿ ತಾಮ್ರದ ಪುಟ್ಟ ಟೋಪಿಯಂಥ ಕೇಪು ಬಂತು. ಕುದುರೆ ಬಿದ್ದು ಕೇಪು ಸಿಡಿದರೆ ಒಳಗಿನ ಮದ್ದಿಗೆ ಬೆಂಕಿ. ‘ಕೇಪಿನ ಕೋವಿ’ ಎಂಬ ಹೆಸರು ಅಲ್ಲಿಂದ ಬಂದದ್ದು. ಒಂದು ಈಡು ಹೊಡೆದು ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಹೊಲ ದಾಟಿ ಮುಂದಿನ ಊರು ಸೇರಿರುತ್ತದೆ. ಮಳೆಗಾಲದಲ್ಲಂತೂ ಮದ್ದು ತೇವವಾಗಿ ಕೋವಿ ಬರೀ ದೊಣ್ಣೆ.

ಸೈನ್ಯಗಳಲ್ಲಿ ಮದ್ದು ಮತ್ತು ಗುಂಡನ್ನು ಅಳೆದು ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. 1857ರಲ್ಲಿ ದಂಗೆಗೆ ಕಿಡಿ ಹೊತ್ತಿಸಿತು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ ಕೊಬ್ಬು ಸವರಿದ ತೋಟಾ ಇಂಥ ಕಾಗದದ್ದೇ. ಹಲ್ಲಿನಿಂದ ಕಚ್ಚಿ ಹರಿದು ನಳಿಗೆಗೆ ಸುರಿಯಬೇಕಿತ್ತು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಚಿತ್ರ ಬದಲಾಯಿತು. 1866ರ ಹೊತ್ತಿಗೆ ಬ್ರಿಟಿಷ್ ಸೈನ್ಯಕ್ಕೆ ಸ್ನೈಡರ್ ಎಂಬ ಹಿಂದಿನಿಂದ ತುಂಬುವ ಬಂದೂಕು ಬಂತು. ಅದರ ಜೊತೆಗೇ ಹಿತ್ತಾಳೆ ತೋಟಾವೂ ಬಂತು. ಮದ್ದು, ಗುಂಡು, ಕೇಪು ಮೂರೂ ಒಂದೇ ಕೊಳವೆಯಲ್ಲಿ. ಬಂದೂಕಿನ ಹಿಂಬದಿ ತೆರೆದು, ತೋಟಾ ಇಟ್ಟು, ಮುಚ್ಚಿ, ಹೊಡೆದರೆ ಆಯಿತು. ಹಿತ್ತಾಳೆಗೆ ಇಲ್ಲಿ ಇನ್ನೊಂದು ಕೆಲಸವೂ ಇತ್ತು. ಮದ್ದು ಸಿಡಿದ ಕ್ಷಣ ತೋಟಾದ ಗೋಡೆ ಉಬ್ಬಿ ನಳಿಗೆಗೆ ಅಂಟಿಕೊಳ್ಳುತ್ತದೆ, ಬಿಸಿ ಗಾಳಿ ಹಿಂದಕ್ಕೆ ನುಗ್ಗಿ ಹೊಡೆದವನ ಮುಖ ಸುಡದಂತೆ ತಡೆಯುತ್ತದೆ. ಒತ್ತಡ ಇಳಿದ ತಕ್ಷಣ ಕೂದಲೆಳೆಯಷ್ಟು ಕುಗ್ಗುತ್ತದೆ, ಹಾಗಾಗಿ ಖಾಲಿ ತೋಟಾ ಹೊರಕ್ಕೆ ಎಳೆಯಲು ಬರುತ್ತದೆ. ಉಬ್ಬುವಷ್ಟು ಮೆತ್ತಗೂ, ಕುಗ್ಗುವಷ್ಟು ಬಿಗಿಯೂ ಆದ ಲೋಹ ಇದಕ್ಕೆ ಬೇಕು. ಹಿತ್ತಾಳೆ ಸಿಕ್ಕಿದ್ದು ಹೀಗೆ.

ಸೈನ್ಯದೊಳಗೂ ಎಲ್ಲರಿಗೂ ಒಂದೇ ಸಮ ಸಿಗಲಿಲ್ಲ. 1857ರ ಭಯ ಆಳುವವರ ಮನಸ್ಸಿನಿಂದ ಹೋಗಿರಲಿಲ್ಲ. ಬಿಳಿಯ ಸಿಪಾಯಿಗಳಿಗೆ ಮಾರ್ಟಿನಿ-ಹೆನ್ರಿ ಎಂಬ ಹೊಸ ಬಂದೂಕು ಬಂದಾಗ ಭಾರತೀಯ ಸಿಪಾಯಿಗಳಿಗೆ ಹಳೇ ಸ್ನೈಡರ್ ಕೊಟ್ಟರು. ಒಂದು ತಲೆಮಾರು ಹಿಂದೆ ಇಡುವುದು ಅವರ ನೀತಿಯೇ ಆಗಿತ್ತು. ಈ ಮಾತು ನೆನಪಿರಲಿ, ಮುಂದೆ ರೈತನ ವಿಷಯದಲ್ಲೂ ಹೀಗೇ ಒಂದು ಸಾಲು ಬರುತ್ತದೆ.

ಸ್ಯಾಂಡರ್ಸನ್ ಕಾಲದ ಚಾಮರಾಜನಗರ

ಇದೇ ಕಾಲದಲ್ಲಿ ನಮ್ಮ ಚಾಮರಾಜನಗರದ ಕಾಡಿನಲ್ಲಿ ಒಬ್ಬ ಇಂಗ್ಲಿಷಿನವನು ಓಡಾಡುತ್ತಿದ್ದ. ಹೆಸರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಮೈಸೂರು ಸರ್ಕಾರದ ನೀರಾವರಿ ಇಲಾಖೆಯಲ್ಲಿ ಕೆಲಸ, ಮನಸ್ಸೆಲ್ಲ ಕಾಡಿನಲ್ಲಿ. 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ಮಾಡಿಸಿ ಐವತ್ತಕ್ಕೂ ಹೆಚ್ಚು ಕಾಡಾನೆಗಳನ್ನು ಒಟ್ಟಿಗೆ ಹಿಡಿದವನು ಇವನೇ. ಮೈಸೂರು ಖೆಡ್ಡಾ ಎಂದು ಆಮೇಲೆ ಕಾಕನಕೋಟೆಯಲ್ಲಿ ಲೋಕಪ್ರಸಿದ್ಧವಾದದ್ದರ ಮೊದಲ ಅಧ್ಯಾಯ ನಮ್ಮ ಊರಿನ ಹತ್ತಿರ ನಡೆಯಿತು. 1878ರಲ್ಲಿ ಅವನು ಬರೆದ ‘ಥರ್ಟೀನ್ ಇಯರ್ಸ್ ಅಮಂಗ್ ದ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಪುಸ್ತಕದಲ್ಲಿ ಈ ಸೀಮೆಯ ಕಾಡು, ಜನ, ಆನೆ, ಹುಲಿಗಳ ಜೊತೆ ಬೇಟೆಯ ಬಂದೂಕುಗಳ ವಿಚಾರವೂ ಇದೆ.

ಆ ಕಾಲದ ಬೇಟೆಗಾರ ದೊರೆಗಳಿಗೆ ತೋಟಾ ಎಂದರೆ ದುಬಾರಿ ಸಾಮಾನು. ವಿಲಾಯಿತಿಯಿಂದ ಹಡಗಿನಲ್ಲಿ ಬರಬೇಕು, ಬಂದರಿನಿಂದ ರೈಲು, ರೈಲಿನಿಂದ ಎತ್ತಿನಗಾಡಿ. ಹಾಗಾಗಿ ಹೊಡೆದ ತೋಟಾವನ್ನು ಎಸೆಯುತ್ತಿರಲಿಲ್ಲ. ಸಂಜೆ ಬಿಡಾರದಲ್ಲಿ ಲಾಂದ್ರದ ಬೆಳಕಿಗೆ ಕೂತು ಹಳೇ ಕೇಪು ತೆಗೆದು, ಹೊಸದು ಕೂರಿಸಿ, ಮದ್ದು ಅಳೆದು ತುಂಬಿ, ಮತ್ತೆ ಗುಂಡು ಇಡುತ್ತಿದ್ದರು. ಇದಕ್ಕೆ ಬೇಕಾದ ಸಣ್ಣ ಸಲಕರಣೆಗಳ ಪೆಟ್ಟಿಗೆಯೇ ಬಂದೂಕಿನ ಜೊತೆ ಮಾರಾಟಕ್ಕೆ ಬರುತ್ತಿತ್ತು. ಕಾಗದದ ತೋಟಾ ನಮ್ಮ ಮಳೆಗೆ ಉಬ್ಬಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆ ಉಬ್ಬುವುದಿಲ್ಲ, ಎಷ್ಟೋ ಸಲ ತುಂಬಬಹುದು. ಮಳೆನಾಡಿಗೆ ಹಿತ್ತಾಳೆಯೇ ಲೇಸು ಎಂದು ಅವರು ನಂಬಿದ್ದು ಅದಕ್ಕೇ.

ಆದರೆ ಎಷ್ಟೋ ಸಲ ಎಂದರೆ ಎಷ್ಟು ಸಲ? ಪ್ರತಿ ಈಡಿಗೂ ತೋಟಾದ ಬಾಯಿ ಉಬ್ಬುತ್ತದೆ, ಮತ್ತೆ ತುಂಬುವಾಗ ಅದನ್ನು ಒತ್ತಿ ಅಳತೆಗೆ ತರಬೇಕು. ಉಬ್ಬಿಸಿ ಕುಗ್ಗಿಸಿ, ಉಬ್ಬಿಸಿ ಕುಗ್ಗಿಸಿ, ತಂತಿ ಬಗ್ಗಿಸಿದ ಕಥೆಯೇ. ಕೆಲವು ಸುತ್ತು ಆದಮೇಲೆ ಬಾಯಿಯ ಅಂಚಿನಲ್ಲಿ ಉದ್ದಕ್ಕೆ ಸೀಳು. ಇದಕ್ಕೆ ಪರಿಹಾರ ಕಂಚುಗಾರನದ್ದೇ: ಬಾಯಿಯನ್ನು ಕಾಯಿಸಿ ಮೆತ್ತಗೆ ಮಾಡುವುದು. ಒಂದೇ ಒಂದು ತೊಡಕೆಂದರೆ ತೋಟಾದ ಬುಡ ಮೆತ್ತಗಾಗಬಾರದು. ಸಿಡಿತದ ಪೂರ್ತಿ ಒತ್ತಡ ತಡೆಯುವುದು ಬುಡ. ಅದು ಮೆತ್ತಗಾದರೆ ಒಡೆದು ಹೊಡೆದವನ ಕಣ್ಣಿಗೇ ಬರುತ್ತದೆ. ಹಾಗಾಗಿ ಖಾಲಿ ತೋಟಾಗಳ ಬುಡ ನೀರಿನಲ್ಲಿ ಮುಳುಗಿರುವಂತೆ ನಿಲ್ಲಿಸಿ, ಮೇಲಿನ ಬಾಯಿಗೆ ಮಾತ್ರ ಉರಿ ತೋರಿಸಿ, ಬಣ್ಣ ತಿರುಗಿದ ಕೂಡಲೇ ನೀರಿಗೆ ಕೆಡವುವ ಪದ್ಧತಿ ಬಂತು. ಅಮೆರಿಕದಂಥ ದೇಶಗಳಲ್ಲಿ ಮನೆಯಲ್ಲೇ ತೋಟಾ ತುಂಬುವ ಹವ್ಯಾಸದವರು ಇಂದಿಗೂ ಈ ಕೆಲಸ ಮಾಡುತ್ತಾರೆ. ನೀರಿನ ತಟ್ಟೆಯ ಜಾಗದಲ್ಲಿ ಈಗ ಗ್ಯಾಸ್ ಉರಿ, ಕರೆಂಟಿನ ಯಂತ್ರ ಬಂದಿವೆ.

ಕುದುರೆ ಲಾಯದ ರಹಸ್ಯ

ಹೊಡೆದ ತೋಟಾ ಸೀಳುವುದು ಅರ್ಥವಾಗುವ ಮಾತು. ಹೊಡೆಯದೆ, ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿದ್ದ ಹೊಸ ತೋಟಾ ತಾನಾಗಿ ಸೀಳಿದರೆ?

ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ಆದದ್ದು ಇದೇ. ಮಳೆಗಾಲದಲ್ಲಿ ಸೈನ್ಯದ ಓಡಾಟ ಕಡಿಮೆ. ಗುಂಡಿನ ಪೆಟ್ಟಿಗೆಗಳನ್ನು ಕುದುರೆ ಲಾಯಗಳಲ್ಲಿ ಇಟ್ಟು, ಮಳೆ ನಿಂತ ಮೇಲೆ ತೆಗೆದರೆ ಎಷ್ಟೋ ತೋಟಾಗಳಿಗೆ ಬಿರುಕು. ಅದರಲ್ಲೂ ಗುಂಡನ್ನು ಹಿತ್ತಾಳೆ ಬಿಗಿಯಾಗಿ ಹಿಡಿದಿರುವ ಕತ್ತಿನ ಹತ್ತಿರವೇ ಹೆಚ್ಚು. ಯಾರೂ ಮುಟ್ಟಿಲ್ಲ, ಬೀಳಿಸಿಲ್ಲ. ಮಳೆಗಾಲದ ಋತುವಿಗೆ ಬರುವ ಬಿರುಕು ಎನ್ನುವ ಅರ್ಥದ ಹೆಸರೇ ಇಂಗ್ಲಿಷಿನಲ್ಲಿ ಇದಕ್ಕೆ ಬಿತ್ತು: ಸೀಸನ್ ಕ್ರ್ಯಾಕಿಂಗ್. ನಾವು ‘ಮಳೆ ಬಿರುಕು’ ಎನ್ನಬಹುದು.

ಕಾರಣ ಪೂರ್ತಿ ಬಿಡಿಸಿದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಲೋಹ ವಿಜ್ಞಾನಿಗಳು ಎರಡು ಎಳೆಗಳನ್ನು ಜೋಡಿಸಿ ತೋರಿಸಿದರು.

ಮೊದಲನೆಯ ಎಳೆ ತೋಟಾದ ಒಳಗಿನದು. ಕಾರ್ಖಾನೆಯಲ್ಲಿ ತೋಟಾ ಮಾಡುವುದು ಹಿತ್ತಾಳೆಯ ಬಿಲ್ಲೆಯಿಂದ. ಮೊದಲು ಬಿಲ್ಲೆಯನ್ನು ಒತ್ತಿ ಬಟ್ಟಲು ಮಾಡುತ್ತಾರೆ, ಬಟ್ಟಲನ್ನು ಅಚ್ಚುಗಳ ಮೂಲಕ ಹಂತಹಂತವಾಗಿ ತಳ್ಳಿ ಉದ್ದ ಕೊಳವೆ ಮಾಡುತ್ತಾರೆ. ಪ್ರತಿ ಹಂತಕ್ಕೂ ಲೋಹ ಬಿಗಿಯುತ್ತದೆ, ಪ್ರತಿ ಹಂತಕ್ಕೂ ಕಾಯಿಸಿ ಮೆತ್ತಗೆ ಮಾಡಬೇಕು. ಕೊನೆಯ ಒತ್ತಿನ ನಂತರ ಕಾಯಿಸದೆ ಬಿಟ್ಟರೆ ಬಿಗಿತ ಒಳಗೇ ಉಳಿಯುತ್ತದೆ. ಹಗ್ಗ ಜಗ್ಗಿ ಕಟ್ಟಿದ ಹಾಗೆ, ಹೊರಗೆ ಏನೂ ಕಾಣುವುದಿಲ್ಲ.

ಎರಡನೆಯ ಎಳೆ ಹೊರಗಿನದು. ಲಾಯಕ್ಕೆ ಕಾಲಿಟ್ಟರೆ ಮೂಗಿಗೆ ಬಡಿಯುವ ಘಾಟು ಇದೆಯಲ್ಲ, ಅದು ಕುದುರೆಯ ಗಂಜಲ ಕೊಳೆತು ಬರುವ ಅಮೋನಿಯಾ. ನಮ್ಮ ಕೊಟ್ಟಿಗೆಯಲ್ಲೂ ಅದೇ ವಾಸನೆ. ಅಮೋನಿಯಾಕ್ಕೂ ತಾಮ್ರಕ್ಕೂ ಆಗಿಬರುವುದಿಲ್ಲ. ಗಾಳಿಯಲ್ಲಿ ತೇವ ತುಂಬಿದಾಗ ಅದು ಲೋಹದ ಮೈಮೇಲೆ ತೆಳುವಾಗಿ ಕೂತು, ಹರಳು ಹರಳುಗಳ ನಡುವಿನ ಸಂದಿಯನ್ನೇ ಹುಡುಕಿ ತಿನ್ನುತ್ತದೆ. ಒಳಗೆ ಬಿಗಿತ ಇಲ್ಲದಿದ್ದರೆ ಸ್ವಲ್ಪ ಬಣ್ಣಗೆಡುತ್ತದೆ ಅಷ್ಟೇ. ಬಿಗಿತ ಇದ್ದರೆ ತಿಂದ ಸಂದಿ ಬಾಯಿಬಿಟ್ಟು ಬಿರುಕು ಒಳಗೊಳಗೇ ಓಡುತ್ತದೆ. ಜಗ್ಗಿ ಕಟ್ಟಿದ ಹಗ್ಗಕ್ಕೆ ಇಲಿ ಹಲ್ಲು ತಾಗಿದ ಹಾಗೆ.

ಮಳೆ, ಲಾಯ, ಬಿಗಿದ ಹಿತ್ತಾಳೆ. ಮೂರೂ ಕೂಡಿದರೆ ಮಾತ್ರ ಬಿರುಕು, ಒಂದನ್ನು ತೆಗೆದರೆ ಇಲ್ಲ. ಮಳೆ ನಿಲ್ಲಿಸಲಾಗದು, ಯುದ್ಧದಲ್ಲಿ ಕುದುರೆ ಬಿಡಲಾಗದು. ಉಳಿದದ್ದು ಹಿತ್ತಾಳೆ. ಕೊನೆಯಲ್ಲಿ ಇನ್ನೊಮ್ಮೆ ಹದವಾಗಿ ಕಾಯಿಸಿದರೆ ಸಾಕು. 250ರಿಂದ 300 ಡಿಗ್ರಿಯ ಹತ್ತಿರ ಸ್ವಲ್ಪ ಹೊತ್ತು ಇಟ್ಟರೆ ಲೋಹದ ಗಟ್ಟಿತನ ಹೆಚ್ಚು ಕಡಿಮೆಯಾಗದೆ ಒಳಗಿನ ಬಿಗಿತ ಮಾತ್ರ ಸಡಿಲುತ್ತದೆ. ಪೂರ್ತಿ ಮೆತ್ತಗಾಗಲು 400 ಡಿಗ್ರಿ ದಾಟಬೇಕು. ಸೈನ್ಯದ ತೋಟಾಗಳ ಕತ್ತಿನ ಮೇಲೆ ಇಂದಿಗೂ ನೀಲಿ-ಕಂದು ಬಣ್ಣದ ಒಂದು ಛಾಯೆ ಕಾಣುತ್ತದೆ. ಅದು ಬೆಂಕಿ ತೋರಿಸಿದ ಗುರುತು. ಈ ತೋಟಾ ಕಾದಿದೆ ಎಂದು ಪರೀಕ್ಷೆ ಮಾಡುವವನ ಕಣ್ಣಿಗೆ ಕಾಣಲಿ ಎಂದು ಅದನ್ನು ಉಜ್ಜದೆ ಹಾಗೇ ಬಿಡುತ್ತಾರೆ.

ಪುಣೆ ಬಳಿಯ ಖಡ್ಕಿಯಲ್ಲಿ 1869ರಲ್ಲಿ ಶುರುವಾದ ಮದ್ದುಗುಂಡಿನ ಕಾರ್ಖಾನೆ ಈಗಲೂ ನಡೆಯುತ್ತಿದೆ. ಅಲ್ಲಿ ಯಂತ್ರಗಳು ಮಾಡುವ ಕೆಲಸದ ತಿರುಳು ಬಿಂದಿಗೆ ಬಡಿಯುವವನ ಕೆಲಸದ್ದೇ: ಒತ್ತು, ಕಾಯಿಸು, ಮತ್ತೆ ಒತ್ತು.

ರೈತನಿಗೆ ಯಾವ ಬಂದೂಕು?

ಇಷ್ಟೆಲ್ಲ ಜಾಣತನ ಸೇರಿ ಆದ ತೋಟಾ ಕಾಡಂಚಿನ ರೈತನಿಗೆ ಸಿಕ್ಕಿತೇ?

1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ಭಾರತೀಯ ಬಂದೂಕು ಇಡುವಂತಿಲ್ಲ, ಯುರೋಪಿಯನ್ನರಿಗೆ ವಿನಾಯಿತಿ. ಇಂದು ನಮ್ಮ ಜಿಲ್ಲೆಯಲ್ಲಿರುವ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರವರೆಗೂ ಅಲ್ಲೇ ಇತ್ತು. ಅಲ್ಲಿಗೆ ಬ್ರಿಟಿಷ್ ಕಾಯ್ದೆ ನೇರವಾಗಿ ತಗುಲಿತು. ಚಾಮರಾಜನಗರ, ಗುಂಡ್ಲುಪೇಟೆ ಮೈಸೂರು ಸಂಸ್ಥಾನದಲ್ಲಿದ್ದವು. ಅಲ್ಲಿ 1901ರಲ್ಲಿ ಬೇಟೆ ಮತ್ತು ಮೀನುಗಾರಿಕೆಗೆ ಸಂಸ್ಥಾನದ್ದೇ ಕಾಯ್ದೆ ಬಂತು. ಪಕ್ಕದ ಕೊಡಗಿನವರಿಗೆ ಮಾತ್ರ 1861ರಿಂದಲೇ ಬಂದೂಕಿನ ವಿನಾಯಿತಿ ಇತ್ತು, ಇಂದಿಗೂ ಇದೆ. ಕಾಡು ಒಂದೇ, ಆನೆ ಹಂದಿಗಳೂ ಒಂದೇ. ಗಡಿಗೆರೆ ದಾಟಿದರೆ ಕಾನೂನು ಬೇರೆ.

ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದರ 13ನೇ ಕಲಮಿನಲ್ಲಿ ಬೆಳೆ ಕಾಯುವವರ ಹೆಸರು ಹೇಳಿದ್ದಾರೆ. ನಿಜವಾಗಿ ಬೆಳೆ ರಕ್ಷಣೆಗೆ ಬೇಕೆಂದರೆ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಎನ್ನುತ್ತದೆ ಕಾನೂನು. ಅದು ಸಾಲದು ಎಂದು ಅಧಿಕಾರಿಗೆ ಅನಿಸಿದರೆ ಮಾತ್ರ ತೋಟಾ ಬಂದೂಕು. ಸ್ನೈಡರ್ ಬಂದು ತೊಂಬತ್ತು ವರ್ಷ ದಾಟಿದ ಮೇಲೂ ರೈತನ ಪಾಲಿಗೆ ಕೇಪಿನ ಕೋವಿ! ದುರುಪಯೋಗ ಆಗಬಾರದು ಎಂಬ ಕಾರಣ ಅದಕ್ಕಿತ್ತು, ಸುಳ್ಳಲ್ಲ. ಒಂದೇ ಈಡಿನ ಕೋವಿಯಿಂದ ಊರಿಗೆ ಅಪಾಯ ಕಡಿಮೆ. ಆದರೂ ಒಂದು ತಲೆಮಾರು ಹಿಂದೆ ಇಡುವ ಆ ಹಳೇ ಲೆಕ್ಕ ಇಲ್ಲಿ ಮತ್ತೆ ಕಾಣುತ್ತದೆ.

ಅತ್ತ ಗುಂಡ್ಲುಪೇಟೆ ತಾಲ್ಲೂಕಿನ ಕಾಡು ಬೇಟೆಯ ಕಾಡಾಗಿದ್ದದ್ದು ನಿಧಾನವಾಗಿ ಕಾಪಿಡುವ ಕಾಡಾಯಿತು. ಮಹಾರಾಜರ ಬೇಟೆಯ ಪ್ರದೇಶ 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು ಅದಕ್ಕೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರಲ್ಲಿ ಹುಲಿ ಯೋಜನೆ. ದೇಶದ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಬಂಡೀಪುರವೂ ಒಂದು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟವೂ ಹುಲಿ ಮೀಸಲಾಯಿತು. ಹುಲಿ ಉಳಿದವು, ಆನೆ ಉಳಿದವು. ಲೈಸೆನ್ಸ್ ಇರುವ ಕೋವಿಯೂ ಪ್ರಾಣಿಯನ್ನು ಹೆದರಿಸುವುದಕ್ಕೆ ಮಾತ್ರ ಎನ್ನುವಂತಾಯಿತು. ಚುನಾವಣೆ ಬಂದರೆ ಅದನ್ನೂ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ರಾಗಿ, ಜೋಳ, ಅರಿಶಿನ, ಬಾಳೆ ಕಾಯುವವನು ಅಟ್ಟಣೆ ಮೇಲೆ ಕೂತು ತಮಟೆ ಬಡಿದು, ಪಟಾಕಿ ಹಚ್ಚಿ, ಬ್ಯಾಟರಿ ಬಿಟ್ಟು ರಾತ್ರಿ ಕಳೆಯುತ್ತಾನೆ. ಕಾಡು ಕಾಯುವುದರ ಬೆಲೆಯಲ್ಲಿ ದೊಡ್ಡ ಪಾಲು ಅಟ್ಟಣೆಯ ಮೇಲೆ ನಿದ್ದೆಗೆಟ್ಟವನು ಕೊಡುತ್ತಿದ್ದಾನೆ.

ಅಟ್ಟದ ಮೇಲಿನ ತೋಟಾ

ಈಗ ನಿಮ್ಮ ಮನೆಯ ಮಾತು. ಮೊಬೈಲಿನಲ್ಲಿ ಮನೆಯಲ್ಲೇ ತೋಟಾ ತುಂಬುವ, ಕಾಯಿಸುವ ವಿಡಿಯೋಗಳು ಬೇಕಾದಷ್ಟು ಬರುತ್ತವೆ. ನೋಡುವವರು ಒಂದು ವಿಷಯ ತಿಳಿದಿರಬೇಕು. ಅವು ಬೇರೆ ದೇಶದ ಕಾನೂನಿನಡಿ ಮಾಡಿದವು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಬಂದೂಕು ಇಡಲು ಲೈಸೆನ್ಸ್ ಇದ್ದರೆ ತಯಾರಿಸಲೂ ಇದ್ದ ಹಾಗಲ್ಲ, ಅದು ಬೇರೆಯೇ ಲೈಸೆನ್ಸ್. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಕಾಯ್ದೆಯ ಪ್ರಕಾರ ಮದ್ದುಗುಂಡು ಎಂದರೆ ಅದರ ಬಿಡಿಭಾಗಗಳೂ ಸೇರಿ. ನೆನಪಿಗೆಂದು ಬಿದ್ದಿರುವ ಒಂದು ಖಾಲಿ ಕೊಳವೆಯ ಮಾತು ಬೇರೆ, ಮತ್ತೆ ತುಂಬುವ ಉದ್ದೇಶದಿಂದ ಕೂಡಿಟ್ಟರೆ ಬೇರೆ.

ತುಂಬಿದ ತೋಟಾ ಸಿಕ್ಕರೆ ಏನು ಮಾಡಬೇಕು? ಕಾಯಿಸುವುದು, ಕುಟ್ಟುವುದು, ಬಿಚ್ಚಿ ನೋಡುವುದು ಬೇಡವೇ ಬೇಡ. ಮೇಲೆ ಹೇಳಿದ ಬೆಂಕಿಯ ಮಾತೆಲ್ಲ ಮದ್ದು, ಕೇಪು ಎರಡೂ ಇಲ್ಲದ ಬರಿದಾದ ಹಿತ್ತಾಳೆಯದು. ಗುಜರಿಗೆ ಹಾಕುವುದೂ ಬೇಡ. ಕರಗಿಸುವವನ ಕುಲುಮೆಯಲ್ಲಿ ಅದು ಸಿಡಿಯುತ್ತದೆ. ಹಳೇ ತೋಟಾದ ಕತ್ತಿನಲ್ಲಿ ಮಳೆ ಬಿರುಕು ಬಿಟ್ಟಿದ್ದರೆ ಮದ್ದು ಉದುರುತ್ತಿರಬಹುದು. ಮಕ್ಕಳನ್ನು ದೂರ ಇಟ್ಟು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡಿದ್ದರೆ ಬಂದೂಕು, ತೋಟಾ ಎರಡನ್ನೂ ತಡ ಮಾಡದೆ ಠಾಣೆಗೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಬೇಕು ಎಂದು ಕಾಯ್ದೆಯ 21ನೇ ಕಲಮು ಹೇಳುತ್ತದೆ. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ತಾನಾಗಿ ಒಪ್ಪಿಸಿದವನಿಗೂ ತಪಾಸಣೆಯಲ್ಲಿ ಸಿಕ್ಕಿಬಿದ್ದವನಿಗೂ ಬಹಳ ವ್ಯತ್ಯಾಸವಿದೆ.

ಹಂದಿಗೆ ಇಡುವ ಸಿಡಿಮದ್ದಿನ ಬಗ್ಗೆಯೂ ಒಂದು ಮಾತು. ಅದು ಹಂದಿ ಯಾವುದು, ಹಸು ಯಾವುದು ಎಂದು ನೋಡುವುದಿಲ್ಲ. ಮೇಯಲು ಹೋಗಿ ದವಡೆ ಒಡೆದುಕೊಂಡು ನರಳುವ ದನ ಪಕ್ಕದ ಮನೆಯದ್ದೂ ಆಗಬಹುದು, ನಮ್ಮದೇ ಆಗಬಹುದು.

ಇನ್ನು ಬಿಂದಿಗೆ. ಲಾಯದ ರಹಸ್ಯ ನಮ್ಮ ಮನೆಗೂ ಅನ್ವಯಿಸುತ್ತದೆ. ಹಿತ್ತಾಳೆ ಸಾಮಾನನ್ನು ಕೊಟ್ಟಿಗೆಯ ಅಟ್ಟದಲ್ಲಿ ಇಡಬೇಡಿ, ಯೂರಿಯಾ ಮೂಟೆಯ ಪಕ್ಕದಲ್ಲೂ ಇಡಬೇಡಿ. ಯೂರಿಯಾ ತೇವ ಕಂಡು ಕರಗಿದರೆ ಬರುವುದು ಅದೇ ಅಮೋನಿಯಾ. ಔಷಧಿ ಹೊಡೆಯುವ ಹಿತ್ತಾಳೆ ಪಂಪಿನಲ್ಲಿ ಯೂರಿಯಾ ನೀರು ಸಿಂಪಡಿಸಿದ್ದರೆ ಅಂದೇ ತೊಳೆದು ಒಣಗಿಸಿ. ಕಲಾಯಿ ಹಾಕುವವರು ಉದುರಿಸುವ ನವಸಾಗರದ ಬಿಳಿ ಹೊಗೆ ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದರಲ್ಲೂ ಅಮೋನಿಯಾ ಇದೆ. ಕಲಾಯಿ ಆದ ಮೇಲೆ ಪಾತ್ರೆಯನ್ನು ಚೆನ್ನಾಗಿ ತೊಳೆಯಬೇಕು. ಬಿಂದಿಗೆಯ ಕಂಠದಲ್ಲಿ ಕೂದಲಿನಂಥ ನೇರ ಗೆರೆ ಕಂಡರೆ ಅದು ಗೀರಲ್ಲದಿರಬಹುದು, ಬಿರುಕಿರಬಹುದು. ಬರೀ ಬೆಸುಗೆ ಹಾಕಿಸಿದರೆ ಪಕ್ಕದಲ್ಲೇ ಇನ್ನೊಂದು ಬಿಡುತ್ತದೆ. ನೆಗ್ಗಿದ ಜಾಗವನ್ನು ಬಡಿದು ಸರಿಮಾಡಿಸಿದಾಗ ಆ ಭಾಗವನ್ನು ಹದವಾಗಿ ಕಾಯಿಸಿಕೊಡಿ ಎಂದು ಕೇಳಿ. ಕೆಲಸ ಬಲ್ಲವನಾದರೆ ನೀವು ಕೇಳುವ ಮೊದಲೇ ಕಾಯಿಸುತ್ತಾನೆ.

ಆದರೆ ಅಂಥ ಕೆಲಸ ಬಲ್ಲವರು ಎಷ್ಟು ಜನ ಉಳಿದಿದ್ದಾರೆ? ಸ್ಟೀಲು, ಪ್ಲಾಸ್ಟಿಕ್ ಬಂದ ಮೇಲೆ ಹಿತ್ತಾಳೆ ಅಟ್ಟಕ್ಕೆ ಹೋಯಿತು, ಅದರ ಹಿಂದೆಯೇ ಕುಲುಮೆಗಳು ಆರಿದವು. ಮೂವರು ವಿಜ್ಞಾನಿಗಳು 1921ರಲ್ಲಿ ಲೆಕ್ಕ ಬಿಡಿಸಿ ಹೇಳಿದ್ದು ಪುಸ್ತಕಗಳಲ್ಲಿ ಭದ್ರವಾಗಿದೆ. ಎಷ್ಟು ಕೆಂಪಾದಾಗ ತೆಗೆಯಬೇಕು ಎಂದು ಬಲ್ಲ ಕಣ್ಣನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ನಿಮ್ಮ ಊರಿನಲ್ಲೋ ಪಕ್ಕದ ಸಂತೆಯಲ್ಲೋ ಅಂಥ ಒಬ್ಬ ಹಿರಿಯರು ಇನ್ನೂ ಇದ್ದರೆ, ಸೋರುವ ಒಂದು ಬಿಂದಿಗೆಯ ನೆಪ ಮಾಡಿಕೊಂಡಾದರೂ ಹೋಗಿ. ಅವರು ಕೆಲಸ ಮಾಡುವಾಗ ನಿಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ.